ಗುಜರಿ ಪೈಪು

ಬೇಲೂರು ರಸ್ತೆಗೆ ಹರಡಿ, ರೋಡ್ ರೋಲರ್ ಹತ್ತಿಸಿ
ಅರವತ್ತು ಸೈಲೆನ್ಸರ್ ಅಪ್ಪಚ್ಚಿ ಮಾಡಿದರಲ್ಲ,
ಕೆಜಿ ಲೆಕ್ಕದಲ್ಲಿ ನಾನೇ ತಂದೆ.
ಕತ್ತರಿಸಿ, ಬಡಿದು, ಬೆಸೆದು ಒಂದು ಪೈಪು.
ನನ್ನ ಎಡಗಿವಿ ಎಂದೋ ಸತ್ತಿದೆ;
ಶ್ರುತಿ ನೋಡುವುದು ಅಂಗೈಯಲ್ಲೇ.

ಭಾನುವಾರ. ಜೋಳ ಮುರಿದ ಹೊಲದಲ್ಲಿ
ಸುಣ್ಣದ ಮೊಟ್ಟೆಗೆರೆ.
ತೀರ್ಥೇಶ ತಿರುವಿಗೆ ಬಿದ್ದ,
ಎಡಬೂಟಿನ ತಗಡು ಕೂಳೆ ಸೀಳುತ್ತ,
ಹಿಂದಿನ ಚಕ್ರ ಮುಂದಿನದನ್ನೇ
ಹಿಂದಿಕ್ಕಲು ಹೊರಟಂತೆ.
ನನ್ನ ಪಾದಕ್ಕೆ ಗೊತ್ತಾಯಿತು: ಸರಿಯಾಗಿ ಉಸಿರಾಡುತ್ತಿದೆ.

ನಾಲ್ಕನೆಯವನಾಗಿ ಬಂದ.
ಬೆಸುಗೆ ಬಿಟ್ಟಿರಲಿಲ್ಲ.

ಹಗ್ಗದಾಚೆ, ಮಗಳನ್ನು ಹೆಗಲಿಗೇರಿಸಿಕೊಂಡು
ಮಫ್ತಿಯಲ್ಲಿ ಅದೇ ಇನ್ಸ್‌ಪೆಕ್ಟರು.
ಪೈಪು ನೋಡಿದರು,
ಬಗ್ಗಿ ಏನೋ ಕೇಳಿದರು,
ಎಡಗಿವಿಗೆ.

ಹೌದೆಂದು ತಲೆಯಾಡಿಸಿದೆ.
ಅವರು ಯಾಕೋ ನಕ್ಕರು.
ಹುಡುಗಿ ಮಾತ್ರ ಕಿವಿಯಿಂದ
ಕೈ ತೆಗೆದಿದ್ದಳು.