ಮೂರು ಒತ್ತು

ಇಪ್ಪತ್ತೆಂಟು ವರ್ಷ
ಡಿಪೋ ಹಿಂದಿನ ಶೆಡ್ಡಿನಲ್ಲಿ ತಗಡು ಒರಗಿಸಿಕೊಂಡು
ಊರುಗಳನ್ನು ಬರೆದೆ.
ಹಳದಿ ಬಳಿದು, ಒಣಗಲು ಬಿಟ್ಟು, ಬೀಡಿ ಮುಗಿಸಿ,
ಕಪ್ಪಿನಲ್ಲಿ ಮಂಡ್ಯ. ಕಪ್ಪಿನಲ್ಲಿ ಕೆರಗೋಡು.
ಬಸರಾಳಿನ ಕೊನೆಯ ಬಾಲ ಎಳೆಯುವಾಗ
ಉಸಿರು ಹಿಡಿಯುತ್ತಿದ್ದೆ.
ನಾಗಮಂಗಲಕ್ಕೆ ಅದೂ ಬೇಡ,
ಒಂದೂ ಒತ್ತಿಲ್ಲದ ಊರು,
ಎಣ್ಣೆ ಸವರಿದ ಹಾಗೆ ಜಾರುತ್ತದೆ ಕುಂಚ.

ನಮ್ಮೂರನ್ನು ಒಮ್ಮೆಯೂ ಬರೆಯಲಿಲ್ಲ.
ಬೆಟ್ಟಯ್ಯನಕೊಪ್ಪಲು.
ಏಳಕ್ಷರ, ಮೂರು ಒತ್ತು,
ತಗಡು ಎರಡೇ ಅಡಿ.
ದಿನಾ ಎರಡು ಸಲ ನಮ್ಮೂರ ಮೇಲೇ ಹಾದುಹೋಗುವ ಬಸ್ಸು,
ಆದರೆ 'ಮಾರ್ಗ' ಅಂತ ಬರೆದು ಕೆರಗೋಡು ಹಾಕುವಷ್ಟರಲ್ಲಿ
ಜಾಗ ಮುಗಿಯುತ್ತಿತ್ತು.
ಅದಕ್ಕೇ ಮೂಲೆಯಲ್ಲಿ, ಸಾಹೇಬರ ಕಣ್ಣಿಗೆ ಬೀಳದಷ್ಟು,
ಒಂದು ಕೆಂಪು ಚುಕ್ಕಿ ಇಟ್ಟೆ.

ಅಕ್ಷರ ಬಾರದ ಚಿಕ್ಕತಾಯಮ್ಮ
ಸೊಪ್ಪು ಮಾರಿ, ಖಾಲಿ ಕುಕ್ಕೆ ಕಂಕುಳಲ್ಲಿಟ್ಟು,
ಮಂಡ್ಯದ ನಿಲ್ದಾಣದಲ್ಲಿ ಬಸ್ಸುಗಳ ಹಣೆ ನೋಡುತ್ತ ಬರುವಳು:
'ಕುಂಕುಮ ಇಟ್ಕೊಂಡಿರೋದು ನಮ್ದು. ಹತ್ರವ್ವಾ.'

ಈಗ ಹೊಸ ಬಸ್ಸು. ಸುಳ್ಳು ಹೇಳಬಾರದು, ಚೆನ್ನಾಗಿದೆ.
ಬಾಗಿಲು ತಾನೇ ಬುಸ್ಸೆಂದು ಮುಚ್ಚಿಕೊಳ್ಳುತ್ತದೆ.
ಮಳೆಗೆ ಸೀಟಿನ ಮೇಲೆ ಛತ್ರಿ ಬಿಚ್ಚುವುದು ತಪ್ಪಿತು.
ಬೆಳಿಗ್ಗೆ ಏಳೂಕಾಲಿಗೆ ಒಂದು ಟ್ರಿಪ್ಪು ಹೆಚ್ಚಾಗಿ
ಗಾರ್ಮೆಂಟ್ಸಿನ ಹುಡುಗಿಯರು
ಹಾಲಿನ ಟೆಂಪೋ ಹಿಂದೆ ನಿಂತು ಹೋಗುವುದೂ ತಪ್ಪಿತು.
ಹೆಂಗಸರಿಗೆ ದುಡ್ಡಿಲ್ಲ. ಚಿಕ್ಕತಾಯಮ್ಮ ಆ ಸೊನ್ನೆ ಚೀಟಿಯನ್ನೂ
ಮಡಿಸಿ ಎಲೆಅಡಿಕೆ ಚೀಲದಲ್ಲಿಡುತ್ತಾಳೆ:
'ಪುಕ್ಸಟ್ಟೆ ಅಂದ್ರೂ ಲೆಕ್ಕ ಬ್ಯಾಡ್ವಾ?'

ಹಣೆಯಲ್ಲಿ ಮಾತ್ರ ತಗಡಿಲ್ಲ. ಕರಿ ಗಾಜು, ಓಡುವ ಬೆಳಕು.
ಮೊದಲ ದಿನ ಡೇರಿ ಮುಂದೆ ನಿಂತು ಕಾದೆ.
ಮಂಡ್ಯ ಓಡಿತು, ಕೆರಗೋಡು ಓಡಿತು,
ಆಮೇಲೆ, ನನ್ನ ಜನ್ಮದಲ್ಲಿ ಮೊದಲ ಸಲ, ನಮ್ಮೂರು:
ಬೆಟಯನಕೊಪಲು.

ಮೂರು ಒತ್ತೂ ದಾರಿಯಲ್ಲೆಲ್ಲೋ ಉದುರಿಹೋಗಿದ್ದವು.
ಕಂಡಕ್ಟರ್ ರೇಣುಕಯ್ಯ, 'ಬೆಟಯನ ಕೊಪಲು ಯಾರ್ರೀ'
ಅಂತ ಕೂಗಿ ಹುಡುಗರನ್ನು ನಗಿಸಿದ.
ಚಿಕ್ಕತಾಯಮ್ಮನ ತಕರಾರು ಬೇರೆ:
'ಈಗ ಎಲ್ಲಾ ಬಸ್ಸಿಗೂ ಮಕದ ತುಂಬ ಕುಂಕುಮ ಕಣೋ ಪುಟ್ಟಮಾದು,
ನಮ್ದು ಯಾವ್ದು ಅಂತ ಹೆಂಗ್ ತಿಳೀಲಿ?'

ಡಿಪೋಗೆ ಹೋದೆ. ನನ್ನ ಶೆಡ್ಡಿನಲ್ಲಿ ಟೈರು ಪೇರಿಸಿದ್ದರು.
ಲ್ಯಾಪ್‌ಟಾಪಿನ ಹುಡುಗ ತೌಸೀಫ್ ಒಳ್ಳೆಯವನು, ಟೀ ತರಿಸಿದ.
'ಇರೋದೇ ಹದಿನಾರು ಸಾಲು ಚುಕ್ಕಿ, ತಾತ.
ಒತ್ತಿಗೆ ಕೆಳಗೆ ಜಾಗ ಇಲ್ಲ.
ಮಂಡ್ಯದ್ದು ಕಂಪನಿಯವರೇ ಚಿತ್ರ ಮಾಡಿ ಕಳಿಸಿದ್ದು,
ಅದು ಜಿಲ್ಲೆ ಅಲ್ವಾ.'

ಜಾಗ ಇಲ್ಲ.
ಇಪ್ಪತ್ತೆಂಟು ವರ್ಷ ನಮ್ಮೂರಿಗೆ ಈ ಮಾತು ಹೇಳಿದವನು ನಾನೇ.

ಚೌಕದ ಲೆಕ್ಕದ ಪುಸ್ತಕ ಕೊಂಡು ರಾತ್ರಿ ಕೂತೆ.
ಸೊಸೆ ಬಗ್ಗಿ ನೋಡಿ, 'ರಂಗೋಲಿನಾ ಮಾವ?' ಅಂದಳು.
ಹೂಂ ಅಂದೆ.
ಗುಂಡಗೆ ತಿರುಗಿ ಅಭ್ಯಾಸವಾದ ಕೈ
ಮೆಟ್ಟಿಲು ಮೆಟ್ಟಿಲಾಗಿ ಇಳಿಯಲು ಒಪ್ಪದು.
ತಲೆಕಟ್ಟು ಎರಡು ಚುಕ್ಕಿ ತಗ್ಗಿದರೆ
ಕಾಲಿಗೆ ನಾಲ್ಕು ದಕ್ಕುತ್ತದೆ, ಹೊಟ್ಟೆಯನ್ನೂ ಕೊಂಚ ಹಿಡಿದರೆ.
'ಟ್ಟ' ಹತ್ತು ಗಂಟೆಗೆ ಕೂತಿತು. 'ಪ್ಪ' ಸಲೀಸು.
'ಯ್ಯ'ಗೆ ಕೋಳಿ ಕೂಗಿತು.

ಸೋಮವಾರ ಸಂಜೆ, ಮಂಡ್ಯದ ನಿಲ್ದಾಣ.
ಬೆಟ್ಟಯ್ಯನಕೊಪ್ಪಲು,
ಸ್ವಲ್ಪ ಕುಳ್ಳಗೆ, ಚಕ್ಕಂಬಟ್ಟಲು ಹಾಕಿ ಕೂತವರ ಹಾಗೆ.
ಚಿಕ್ಕತಾಯಮ್ಮ ಊರು ಒಂದು ಸುತ್ತು ಓಡಿ ಮುಗಿಯುವತನಕ
ಗಾಜನ್ನೇ ನೋಡಿದಳು.
'ಕಾಲು ಇಳಿಬಿಟ್ಕೊಂಡು ಹೋಯ್ತಲ್ಲ, ಅದಾ?'
'ಅದೇ.'
'ಮೂರು ಕಾಲು.'
'ಹೂಂ, ಮೂರು.'
ಕುಕ್ಕೆಯನ್ನು ಮೊದಲು ಒಳಗೆ ತಳ್ಳಿ
ಹತ್ತಿದಳು.