ಹನ್ನೊಂದು

ಹೂಮಳೆಯ ಲೆಕ್ಕದಲ್ಲಿ ಇದು ಏಳನೆಯದು.
ಕೋರ್ಟಿನ ಲೆಕ್ಕ ಬೇರೆ: ನಲವತ್ತಮೂರು ವಾಯಿದೆ,
ಮೂವರು ಜಡ್ಜರು, ಒಂದು ಮುಷ್ಕರ.
ಒಮ್ಮೆ ಫೈಲೇ ಸಿಗಲಿಲ್ಲ,
ಸಿಕ್ಕಾಗ ಅದರ ಮೇಲೆ ಯಾರದೋ ಟೀ ಲೋಟದ ಉಂಗುರ.

ಉಳಿದ ದಿನ ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ
ಊರವರ ಕಾಫಿ ತೂಗುತ್ತೇನೆ.
ಮೂಟೆಗೆ ಕೊಳವೆ ಚುಚ್ಚಿ, ಹಿಡಿ ಬೀಜ ತೆಗೆದು
ಮೀಟರಿಗೆ ಸುರಿದರೆ ತೇವ ಎಷ್ಟೆಂದು ಹೇಳುತ್ತದೆ.
ಹನ್ನೊಂದು ದಾಟಿದರೆ
"ಇನ್ನೆರಡು ಬಿಸಿಲು ಕೊಡಿ" ಅನ್ನುತ್ತೇನೆ.
ಮಾತಾಡದೆ ಜೀಪಿಗೆ ಮತ್ತೆ ಮೂಟೆ ಏರಿಸುವವರ ಬೆನ್ನು
ನನಗೆ ಚೆನ್ನಾಗಿ ಗೊತ್ತು.
ಕೋರ್ಟಿನ ಮೆಟ್ಟಿಲಿಳಿಯುವಾಗ ಅದು ನನ್ನದು.

ಮದುವೆಯ ದಿನವೂ ಹನ್ನೊಂದೇ.
ಹನ್ನೊಂದು ಸಣ್ಣ ಕಲ್ಲು ಎಣಿಸಿ
ನಮ್ಮ ಅರುವ ಕೆಂಪು ಸೀರೆಯ ತುದಿಗೆ ಗಂಟು ಹಾಕಿದ್ದರು,
ಆ ಮನೆಯ ಒಲೆ, ಕಣಜ, ದನ, ಗದ್ದೆ,
ಎಲ್ಲದರಲ್ಲೂ ನಿನಗೆ ಹಕ್ಕು ಎಂದು.
ಕಲ್ಲು ಈಗಲೂ ಇವೆ, ಬಿಪಿ ಮಾತ್ರೆಯ ಡಬ್ಬಿಯಲ್ಲಿ.
ಜೆಸಿಂತಾ ವಕೀಲರಿಗೆ ಒಮ್ಮೆ ತೋರಿಸಿದೆ.
ಕನ್ನಡಕ ಏರಿಸಿ ನೋಡಿ ನಕ್ಕರು, ಅಣಕಕ್ಕಲ್ಲ:
"ಚೋಂದಮ್ಮ, ಇದಕ್ಕೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಲ್ಲವಲ್ಲ."

ಜಮ್ಮಾ ಜಾಗ. ಒಕ್ಕದ ಹೆಸರಲ್ಲಿದೆ. ಪಾಲಾಗಿಲ್ಲ.
ತನ್ನ ಪಾಲು ಎಷ್ಟೆಂದು ಉತ್ತಯ್ಯನಿಗೇ ಗೊತ್ತಿಲ್ಲವಂತೆ,
ಅಫಿಡವಿಟ್ಟಿನಲ್ಲಿ ಹಾಗಿದೆ.
ಬೇಲಿ ಹಾಕಿಸುವಾಗ ಗೊತ್ತಿತ್ತು.
ಆ ಬೇಲಿಗೆಂದು ನನ್ನ ಬಳೆ ಬ್ಯಾಂಕಿನಲ್ಲಿಟ್ಟಾಗ
ಗೇಣು ಗೇಣೂ ಗೊತ್ತಿತ್ತು.
ಕೇಸು ಹಾಕಿದ ವರ್ಷ ಮೂಟೆಗೆ ಮೂರೂವರೆ ಸಾವಿರ,
ಆಮೇಲೆ ಹತ್ತು ದಾಟಿತು.
ರೇಟು ಏರಿದಂತೆಲ್ಲ ಕಾಗದದಲ್ಲಿ ಆನೆಗಳೂ ಹೆಚ್ಚಿದವು:
ಮೊದಲ ವರ್ಷ ಎರಡು ಆನೆ ನುಗ್ಗಿ ನಷ್ಟ,
ಹೋದ ವರ್ಷ ಒಂಬತ್ತು, ಜೊತೆಗೊಂದು ಮರಿ,
ಅದರ ಜೊತೆ ಕಾಯಿಕೊರಕ.
ನಿಜಕ್ಕೂ ಇಷ್ಟು ಆನೆ ಆ ತೋಟಕ್ಕೆ ಬಂದಿದ್ದರೆ
ಫಾರೆಸ್ಟಿನವರು ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದರು.

ಹೇಗೆ ತಡೀತೀ ಅಕ್ಕ, ಎನ್ನುತ್ತಾಳೆ ಬೊಳ್ಳಮ್ಮ.
ತಡೆಯುವುದೇನು ಬಂತು.
ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ
ಏಳು ವರ್ಷ ಫ್ರಿಜ್ ತರಲಿಲ್ಲ,
ಎಲ್ಲ ಇತ್ಯರ್ಥವಾಗಲಿ ಎಂದು.
ಹಾಲು ಒಡೆದಾಗೆಲ್ಲ ಇತ್ಯರ್ಥ ನೆನಪಾಗುತ್ತಿತ್ತು.
ಹೋದ ತಿಂಗಳು ಕಂತಿನಲ್ಲಿ ತಂದೆ.
ರಾತ್ರಿ ಗುಂಯ್ ಅನ್ನುತ್ತದೆ,
ಪಕ್ಕದಲ್ಲಿ ಯಾರೋ ಉಸಿರಾಡಿದ ಹಾಗೆ,
ತಕರಾರು ಅರ್ಜಿ ಇಲ್ಲದೆ.

ನಿನ್ನೆ ವಿರಾಜಪೇಟೆ ಕೋರ್ಟಿನ ಜಗಲಿಯಲ್ಲಿ ಅವನು.
ಮೊಣಕಾಲಿಗೆ ಬೆಲ್ಟು, ಕೈಯಲ್ಲಿ ಪ್ಲಾಸ್ಟಿಕ್ ಫೈಲು.
ಬೆಂಚಿನ ಆ ತುದಿ ಅವನು, ಈ ತುದಿ ನಾನು,
ನಡುವೆ ಇನ್ಯಾವುದೋ ಜಾಗದ ಕೇಸಿನ ಅಜ್ಜ, ಬಾಯಿ ತೆರೆದು ನಿದ್ದೆ.
ನೆಲ ನೋಡುತ್ತಲೇ ಅಂದ:
"ಕೆಳಗಿನ ಬಾಣೆಯಲ್ಲಿ ಈ ಸಲ ಹೂ ಚೆನ್ನಾಗಿ ಬಂದಿದೆ."
ಆ ಗಿಡ ನಾನು ಕವರಿನಲ್ಲಿ ಎಬ್ಬಿಸಿ ನೆಟ್ಟದ್ದು.
"ಎರಡನೇ ಮಳೆ ಆಯ್ತಾ?"
ಕೇಳಿಯೇಬಿಟ್ಟೆ.
"ಆಗಬೇಕು," ಅಂದ.
ಅಜ್ಜ ಎಚ್ಚರಾಗಿ ನಮ್ಮಿಬ್ಬರನ್ನೂ ನೋಡಿದ,
ಒಂದೇ ಪಾರ್ಟಿಯವರು ಅಂದುಕೊಂಡಿರಬೇಕು.

ಜೆಸಿಂತಾ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು.
"ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಇಳುವರಿಗೆ
ಅವರ ಬಾಯಿಂದಲೇ ಬಂದ ಮಾತು."
ಬಸ್ಸಿನಲ್ಲಿ ನೋಟ್‌ಬುಕ್ ತೆಗೆದೆ.
ಜಮೆಗೋ ಖರ್ಚಿಗೋ ತಿಳಿಯದೆ
ಅಂಚಿನಲ್ಲಿ ಬರೆದೆ: ಕೆಳಗಿನ ಬಾಣೆ, ಹೂ ಚೆನ್ನಾಗಿದೆ.

ಮುಂದಿನ ವಾಯಿದೆ ಜೂನ್ ಹದಿನೇಳು.
ಅಷ್ಟರಲ್ಲಿ ಕಾಯಿ ಕಚ್ಚಿರುತ್ತದೆ, ಅಥವಾ ಇಲ್ಲ.

ಇವತ್ತು ಬೆಳಿಗ್ಗೆ ಯಾರೂ ಬರುವ ಮೊದಲು
ಡಬ್ಬಿಯ ಕಲ್ಲು ಹನ್ನೊಂದನ್ನೂ ಮೀಟರಿಗೆ ಸುರಿದು ನೋಡಿದೆ.
ಎರರ್ ಅಂತು.
ತಟ್ಟೆ ಒರೆಸಿ, ಮೊದಲ ಮೂಟೆಗೆ ಕೊಳವೆ ಚುಚ್ಚಿದೆ.