ನಾಲ್ವರು ಅತ್ತೆಯರು, ಒಂದು ಕತ್ತೆ

ನಜರೇತಿನ ಪೇಟೆಬೀದಿಗೆ ಬೆನ್ನು ಮಾಡಿದ ಅಡುಗೆಮನೆಯಲ್ಲಿ
ಬೆಂಡೆಕಾಯಿಯ ತೊಟ್ಟು ಮುರಿಯುತ್ತ ನನ್ನ ನಾಲ್ವರು ಅತ್ತೆಯರು
ಅಜ್ಜ ಮುಜೈದಿಲ್ ಬಿಟ್ಟ ರಾತ್ರಿಯನ್ನು ಹೇಳುತ್ತಾರೆ.
ಅವರಲ್ಲಿಬ್ಬರು ಆಗಿನ್ನೂ ಹುಟ್ಟಿರಲಿಲ್ಲ.
ಹೇಳುವುದಕ್ಕೆ ಅವರೇ ಮುಂದು.

ತಮಾಮ್ ಅತ್ತೆಗೆ ಅವಸರ:
ಎದ್ದ, ಕೂಡಲೆ ಹೊರಟ, ಕೂಡಲೆ ಗುಂಡಿನ ಸದ್ದು,
ಮುಗಿಯಿತು. ಆಮೇಲಿನದನ್ನು ಕೇಳಿದರೆ ಸುಮ್ಮನಾಗುತ್ತಾಳೆ.
ಅದ್ಲಾ ಅತ್ತೆಗೆ ಎಲ್ಲವೂ ಮೊದಲೇ ನುಡಿದಿಟ್ಟದ್ದು:
ಗೂಬೆ ಕೂಗಿತ್ತು, ಮುತ್ತಜ್ಜ ಸಾಯುವಾಗ ಇದನ್ನೇ ಅಂದಿದ್ದ.
ನಜ್ಲಾ ನೆರೆಕರೆಯವರನ್ನೆಲ್ಲ ವಿಚಾರಿಸಿಕೊಂಡವಳು;
ದಾರಿಯಲ್ಲಿ ನೀರು ಕೊಟ್ಟ ವಿಧವೆಯ ಹೆಸರು
ಅವಳೊಬ್ಬಳಿಗೇ ಗೊತ್ತು.
ವಾರ್ದೆ ಎಲ್ಲರಿಗಿಂತ ಕಿರಿಯಳು, ಬೆಳಕಿನಿಂದ ಶುರುಮಾಡುತ್ತಾಳೆ.
ಅವಳ ಅಜ್ಜ ಓಡುವುದಿಲ್ಲ, ಬೆವರುವುದಿಲ್ಲ,
ಹೊಸ್ತಿಲಲ್ಲಿ ನಿಂತು ಗಂಟೆಗಟ್ಟಲೆ ಮಾತಾಡುತ್ತಾನೆ.
(ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು
ಅನ್ನುತ್ತಿದ್ದಳು ಅಜ್ಜಿ, ಇದ್ದಾಗ.)

ಒಬ್ಬಳಲ್ಲಿ ಹುಣ್ಣಿಮೆ, ಒಬ್ಬಳಲ್ಲಿ ಕಗ್ಗತ್ತಲು.
ಬೀಗದ ಕೈ ಒಂದು, ಎರಡು, ಕೊನೆಗೆ ಒಂದು ಗೊಂಚಲು.

ಆದರೆ ಕತ್ತೆ ನಾಲ್ವರಲ್ಲೂ ಇದೆ.
ಹಿತ್ತಿಲಲ್ಲಿ ಕಟ್ಟಿದ್ದ ಕತ್ತೆಯನ್ನು
ಬಿಚ್ಚಲು ಮರೆತು ಬಂದುಬಿಟ್ಟ ಅಜ್ಜ.
ತಮಾಮ್ ಅಷ್ಟು ಹೇಳಿ ಚಾಕು ನೋಡುತ್ತಾಳೆ.
ಹಾಗೇ ಆಗಬೇಕಿತ್ತು, ಬರೆದಿತ್ತು, ಅನ್ನುತ್ತಾಳೆ ಅದ್ಲಾ.
ಯಾರೋ ಪುಣ್ಯವಂತರು ಬಿಚ್ಚಿರುತ್ತಾರೆ, ನಜ್ಲಾ.
ಮರೆತದ್ದಲ್ಲ, ತಿಳಿದೇ ಬಿಟ್ಟದ್ದು, ವಾರ್ದೆ.
ಇಲ್ಲದಿದ್ದರೇ ವಾಸಿ ಎನಿಸುವ ಪ್ರಾಣಿಯನ್ನು
ಕತೆಯೊಳಕ್ಕೆ ಯಾರು ಹೊಡೆದುಕೊಂಡು ಬರುತ್ತಾರೆ?
ಕಟ್ಟಿದ್ದ ಕತ್ತೆ, ಅದೊಂದು ಮಾತ್ರ
ಕಟ್ಟುಕತೆಯಲ್ಲ.

ಭಾನುವಾರ ಪಾದ್ರಿ ಸುವಾರ್ತೆ ಓದುವಾಗ
ಎಲ್ಲರಿಗೂ ದೇವದೂತರ ರೆಕ್ಕೆ ಕೇಳಿಸುತ್ತದೆ.
ನಾನು ಹಿಂದಿನ ಬೆಂಚಿನಲ್ಲಿ ಕೂತು
ಕತ್ತೆ ಎಲ್ಲಿ ಅರಚುತ್ತದೆಂದು ಕಾಯುತ್ತೇನೆ.

ಪಾಪ ತೊಳೆಸಿಕೊಳ್ಳುವವರ ಸಾಲಿನಲ್ಲಿ ಅವನೂ ನಿಂತಿದ್ದ,
ಇನ್ನೊಬ್ಬನ ಕೈಕೆಳಗೆ ತಲೆ ಬಾಗಿಸಿ.
ಬರೆದವರಿಗೆ ಎಂಥ ಇರಿಸುಮುರಿಸು:
ಒಬ್ಬ ಇದ್ದದ್ದು ಇದ್ದಂತೆ ಹೇಳಿಬಿಟ್ಟ,
ಒಬ್ಬ ಸಮಜಾಯಿಷಿ ಜೋಡಿಸಿದ,
ಒಬ್ಬ ಬೇಗ ಬೇಗ ಮುಗಿಸಿದ,
ಕೊನೆಯವನು ಕಾಲು ನೆನೆಯದಂತೆ ನದಿ ದಾಟಿಬಿಟ್ಟ.
ಮನೆಯವರೇ ಬಂದಿದ್ದರು, ತಲೆ ಕೆಟ್ಟಿದೆ ಎಂದು
ಹಿಡಿದು ಕರೆದೊಯ್ಯಲು.
ಈ ಊರಲ್ಲಿ, ನಾವು ಬೆಂಡೆಕಾಯಿ ಕೊಳ್ಳುವ ಇದೇ ಊರಲ್ಲಿ,
ಅವನ ಕೈಯಿಂದ ಹೆಚ್ಚೇನೂ ಆಗಲಿಲ್ಲ.
ಇದನ್ನು ಬರೆಯುವಾಗ ಯಾರದೋ ಲೇಖನಿ
ತುಸು ಹೊತ್ತು ಗಾಳಿಯಲ್ಲೇ ನಿಂತಿರಬೇಕು.

ಎತ್ತರವೋ ಗಿಡ್ಡವೋ, ಒಬ್ಬರೂ ಹೇಳಲಿಲ್ಲ.
ನಮ್ಮ ಅಜ್ಜನದೂ ಒಂದು ಫೋಟೋ ಇಲ್ಲ.

ಬಡಗಿಯಂತೆ! ನಗುತ್ತಾನೆ ಬಿಶಾರಾ ಮಾವ.
ಐವತ್ತು ವರ್ಷ ಈ ಗುಡ್ಡದ ಸುಣ್ಣಕಲ್ಲು ಒಡೆದವನು.
ಮನೆ ಕಟ್ಟುವ ಊರೇ ಇದು, ಮರ ಎಲ್ಲಿತ್ತು?
ಆ ಗ್ರೀಕ್ ಮಾತು ಎರಡಕ್ಕೂ ಸಲ್ಲುತ್ತದೆ ಎಂದೆ.
ಹೂಂ, ಅಂದ, ಮೊದಲೇ ಗೊತ್ತಿದ್ದವನಂತೆ.
ಅವನ ಹೆಬ್ಬೆರಳಿನ ಉಗುರು ಕಪ್ಪು,
ಎರಡಾಗಿ ಸೀಳಿ ಒರಟಾಗಿ ಕೂಡಿದ್ದು.
ಆ ಉಗುರನ್ನೇ ನೋಡುತ್ತ ಕುಳಿತೆ,
ಚಹಾ ಆರಿತು.

ಮುಜೈದಿಲ್‌ಗೂ ಹೋಗಿಬಂದೆ. ಪೈನ್ ಮರಗಳು, ಒಂದು ಪೆಟ್ರೋಲ್ ಬಂಕ್.
ಕತ್ತೆ ಕಟ್ಟಿದ್ದು ಅಂಜೂರಕ್ಕೋ ದಾಳಿಂಬೆಗೋ,
ಅದರಲ್ಲೂ ಒಮ್ಮತವಿಲ್ಲ.

ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬೇರೆಬೇರೆ ಬರೆದಿಟ್ಟಿದ್ದೇನೆ.
ಹೊಸೆದು ಒಂದು ಮಾಡು, ಮಕ್ಕಳಿಗೆ ಗೊಂದಲ, ಅಂದಳು ನಜ್ಲಾ.
ಮಾಡಲಿಲ್ಲ.
ಮೊನ್ನೆ ಬಾಗಿಲವರೆಗೂ ಬಂದಳು ಅದ್ಲಾ ಅತ್ತೆ,
ಕೈಗೆ ಬೆಂಡೆಕಾಯಿಯ ಪೊಟ್ಟಣ ತುರುಕಿ
ಬೇರೆಯವರಿಗೆ ಕೇಳಿಸದಂತೆ ಅಂದಳು:
ಎಲ್ಲ ಬರೆದುಕೋ ಮಗಳೇ,
ಕತ್ತೆಯದೊಂದು ಬಿಡು.

ಅಲ್ಲಿಗೆ ಖಾತ್ರಿಯಾಯಿತು.